ಮುಷ್ಟಿಗೆ ಸಿಕ್ಕ ಬಲ, ನೂಲಿಗೆ ಸಿಕ್ಕ ಬಲ

ನನ್ನ ಅಕ್ಷರ ಅಂದವಾಗಿಲ್ಲ. ಮಾತು ಪೋಣಿಸಲು ಪಳಗಿದ ಕೈಯೂ ಅಲ್ಲ. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು ಮೊದಲ ಬಾರಿಗೆ ಬರೆಯುತ್ತಿದ್ದೇನೆ. ನಮ್ಮ ಗುರುಗಳಿಂದ ಕೇಳಿದ್ದನ್ನು ಕೇಳಿದಂತೆಯೇ ಇಲ್ಲಿ ಇಡುತ್ತೇನೆ.

ಮಠದ ಅಡುಗೆಮನೆಯನ್ನು ನೋಡಿಕೊಳ್ಳುವ ಶಿಷ್ಯನು ಗುರುಗಳನ್ನು ಕೇಳಿದನು: "ಗುರುಗಳೇ, ನನ್ನಷ್ಟು ದುಡಿಯುವವರು ಇಲ್ಲಿ ಇನ್ನೊಬ್ಬರಿಲ್ಲ. ನಾನು ಕೈ ಹಾಕಿದರೆ ಅಡುಗೆಮನೆಯೇ ನಡುಗುತ್ತದೆ. ಆದರೂ ನನ್ನ ಜೊತೆ ಯಾರೂ ನಿಲ್ಲುವುದಿಲ್ಲ. ಇಂದು ಮೂರನೆಯವನೂ ಸೌಟು ಇಟ್ಟು ಹೋದನು. ನಾಳೆ ಇನ್ನೂರು ಜನರಿಗೆ ನಾನೊಬ್ಬನೇ ಅಟ್ಟು ಬಡಿಸುವುದು ಹೇಗೆ? ನನ್ನಲ್ಲಿ ಏನು ಕಡಿಮೆ?"

ಗುರುಗಳು ಹೇಳಿದರು:

ಒಬ್ಬನು ಮೋಟಾರು ಮಾಡುತ್ತಿದ್ದನು. ರೇಷ್ಮೆ ನೂಲಿಗೆ ಹುರಿ ಹಾಕುವ ಹೆಂಗಸೊಬ್ಬಳು ಅವನಿಂದ ಅತಿವೇಗದ ಮೋಟಾರೊಂದನ್ನು ಮಾಡಿಸಿಕೊಂಡಳು. ಕದಿರು ತಿರುಗಿತು. ವೇಗ ಏರಿದೊಡನೆ ನೂಲು ತುಂಡಾಯಿತು. ಗಂಟು ಹಾಕಿದಳು; ಮತ್ತೆ ತುಂಡಾಯಿತು. ಗಂಟು ಬಿದ್ದ ನೂಲನ್ನು ನೇಕಾರರು ಒಪ್ಪಲಿಲ್ಲ. ಇನ್ನೊಂದು ವಾರ ಹೀಗೇ ಆದರೆ ಅವಳ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಬಲ ಸಾಲದೆಂದು ಅವನು ಇನ್ನೂ ಬಲವಾದ ಅಯಸ್ಕಾಂತಗಳನ್ನು ಹಾಕಿಕೊಟ್ಟನು. ನೂಲು ಮೊದಲಿಗಿಂತ ಹೆಚ್ಚು ತುಂಡಾಯಿತು.

ಅವನು ಮೋಟಾರು ನಿಲ್ಲಿಸಿ, ಅದರ ನಡುವಿನ ತಿರುಗುವ ದಂಡವನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿದನು. ಮೋಟಾರನ್ನು ಅವನು ಪರೀಕ್ಷಿಸುತ್ತಿದ್ದುದೇ ಹೀಗೆ. "ನೋಡಿ ತಾಯಿ, ಹೆಜ್ಜೆಹೆಜ್ಜೆಗೂ ತಡೆದು ಹಿಡಿಯುತ್ತದೆ. ಪೈಲ್ವಾನನ ಹಿಡಿತ!"

"ಹೌದಣ್ಣ. ತೊಟ್ಟಿಲು ತೂಗಲು ಪೈಲ್ವಾನನನ್ನು ಕರೆದಂತಾಯಿತು," ಎಂದಳು ಅವಳು. ದಂಡಕ್ಕೆ ಒಂದೆಳೆ ರೇಷ್ಮೆ ಸುತ್ತಿ, ಅದರ ತುದಿಯನ್ನು ಅವನ ಬೆರಳಿಗೆ ಕೊಟ್ಟಳು. "ಈಗ ಇದರಿಂದ ತಿರುಗಿಸಿ."

ಅವನು ಎಳೆದನು. ದಂಡ ತಡೆಯಿತು, ಜಿಗಿಯಿತು, ಮತ್ತೆ ತಡೆಯಿತು. ಮೂರನೆಯ ತಡೆಗೆ ಎಳೆ ತುಂಡಾಗಿ ಅವನ ಬೆರಳಲ್ಲೇ ಉಳಿಯಿತು.

ಅವನು ಮೋಟಾರನ್ನು ಬಿಚ್ಚಿದನು. ಒಳಗೆ ಕಬ್ಬಿಣದ ಹಲ್ಲುಗಳಿಗೆ ಅಯಸ್ಕಾಂತಗಳು ನೇರವಾಗಿ ಎದುರಾಗಿದ್ದವು. ಪ್ರತಿ ಹಲ್ಲೂ ಅಯಸ್ಕಾಂತವನ್ನು ಒಮ್ಮೆಗೇ ಹಿಡಿದು ಒಮ್ಮೆಗೇ ಬಿಡುತ್ತಿತ್ತು. ಅವನು ಅಯಸ್ಕಾಂತಗಳನ್ನು ತುಸು ಓರೆಯಾಗಿ ಕೂರಿಸಿದನು. ಈಗ ಒಂದು ಹಲ್ಲು ಪೂರ್ತಿ ಬಿಡುವ ಮೊದಲೇ ಮುಂದಿನದು ಹಿಡಿಯತೊಡಗಿತು. ಮೋಟಾರಿನ ಬಲ ಸ್ವಲ್ಪ ಕುಗ್ಗಿತು. ಮುಷ್ಟಿಯಲ್ಲಿ ಹಿಡಿದು ತಿರುಗಿಸಿದರೆ ಪೈಲ್ವಾನನು ಸಿಗಲಿಲ್ಲ. ಅವನಿಗೆ ಅದು ಸಂಕಟವೇ ಆಯಿತು. ಆದರೆ ಅಂದು ಕದಿರು ಸಂಜೆಯವರೆಗೂ ತಿರುಗಿತು. ನೂಲಿನಲ್ಲಿ ಒಂದು ಗಂಟೂ ಇರಲಿಲ್ಲ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿಷ್ಯನು ತಡೆಯಲಾರದೆ, "ಹಾಗಾದರೆ ನನ್ನ ದುಡಿಮೆಯಲ್ಲಿ ಬಲವಿಲ್ಲವೇ?" ಎಂದನು.

"ಇದೆ ಮಗು, ನೀನು ಅದನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ, ಬಿಟ್ಟುಹೋದ ಮೂವರು ನೂಲಿನ ತುದಿಯಲ್ಲಿ ಹಿಡಿದು ನೋಡಿದರು."



ಬರೆದುದರಲ್ಲಿ ತಪ್ಪುಗಳಿದ್ದರೆ ಓದುವವರು ದಯವಿಟ್ಟು ಕ್ಷಮಿಸಬೇಕು.