ಮೊಳ ಎತ್ತರದ ಮೆಟ್ಟಿಲು

“ಗುರುಗಳೇ, ಕರೆದರೂ ಬಾರದವನಿಗೆ ಅದು ಬೇಕಾಗಿಲ್ಲ ಎಂದು ತಿಳಿದರೆ ತಪ್ಪೇ?”

ಶಿಷ್ಯ ಹೀಗೆ ಕೇಳಿದ. ಅವನು ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು. ಬಡವರ ಆಸ್ಪತ್ರೆಯ ಖರ್ಚನ್ನು ಸರ್ಕಾರವೇ ಭರಿಸುವ ಒಂದು ವಿಮೆ ಇತ್ತು. ಅದನ್ನು ಸುಧಾರಿಸುವ ಹೊಣೆ ಅವನ ಮೇಲೆ ಬಿದ್ದಿತ್ತು. ಆ ವಿಮೆಯ ಕಾರ್ಡು ಇದ್ದವರೆಲ್ಲ ತೊಂಬತ್ತು ದಿನಗಳೊಳಗೆ ತಾಲ್ಲೂಕು ಕಚೇರಿಗೆ ಖುದ್ದಾಗಿ ಬಂದು ಹೆಬ್ಬೆಟ್ಟು ಒತ್ತಿ ಹೋಗಬೇಕೆಂದು ಅವನು ಆಜ್ಞೆ ಹೊರಡಿಸಿದ್ದ. ಹತ್ತರಲ್ಲಿ ಆರು ಮಂದಿ ಬಂದರು. ನಾಲ್ವರು ಬರಲಿಲ್ಲ. ಬಾರದವರ ಹೆಸರುಗಳೆಲ್ಲ ಒಂದು ಪಟ್ಟಿಯಾದವು. ಮರುದಿನ ಅವನು ಅದಕ್ಕೆ ರುಜು ಹಾಕಿದರೆ ಅಷ್ಟೂ ಕಾರ್ಡು ರದ್ದಾಗುತ್ತಿದ್ದವು. ಅದಕ್ಕೆ ಮುಂಚೆ ಗುರುಗಳನ್ನು ಒಮ್ಮೆ ಕಂಡು ಹೋಗೋಣವೆಂದು ಮಠಕ್ಕೆ ಬಂದಿದ್ದ. ಪಟ್ಟಿಯೂ ಜೊತೆಗಿತ್ತು.

ಗುರುಗಳು ಮೊದಲು ದಾರಿಯ ಆಯಾಸ ವಿಚಾರಿಸಿದರು. ಆಯಾಸವೇನೂ ಇಲ್ಲ, ಹುಣಸೆಕಟ್ಟೆಯಲ್ಲಿ ಕಾರು ನಿಲ್ಲಿಸಿ ಚಹಾ ಕುಡಿದೆ ಎಂದು ಶಿಷ್ಯ ಹೇಳಿದ. ಗುರುಗಳು ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಮೊದಲ ಹಾಳೆಯನ್ನಷ್ಟೇ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಒಂದು ಧರ್ಮಾಸ್ಪತ್ರೆ ಇತ್ತು. ಸಂತೆ ಮೈದಾನದ ಅಂಚಿನಲ್ಲಿ, ಹೊಂಗೆ ಮರಗಳ ಕೆಳಗೆ ಇತ್ತು. ಬಡವರಿಗೆ ಅಲ್ಲಿ ಪುಕ್ಕಟೆ ಮದ್ದು ಕೊಡುತ್ತಿದ್ದರು. ನಾಡಿ ನೋಡಲು ಒಬ್ಬ ಪಂಡಿತನಿದ್ದ. ಉಳಿದದ್ದನ್ನೆಲ್ಲ ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರನಿದ್ದ.

ಪಾರುಪತ್ಯಗಾರ ಒಳ್ಳೆಯವನು. ಈ ಕತೆಯಲ್ಲಿ ಕೆಟ್ಟವರು ಯಾರೂ ಬರುವುದಿಲ್ಲ. ಹಾಗಾಗಿ ಇದು ಸ್ವಲ್ಪ ಕಷ್ಟದ ಕತೆ. ಅವನ ತಾಯಿ ಕೊನೆಯ ಮೂರು ವರ್ಷ ಅಲ್ಲಿನ ಕಷಾಯದ ಮೇಲೆಯೇ ಉಸಿರು ಹಿಡಿದುಕೊಂಡಿದ್ದಳು. ಆ ಋಣವನ್ನು ಅವನು ಮರೆತಿರಲಿಲ್ಲ. ತನಗೆ ನೆಗಡಿಯಾದರೆ ಮನೆಯಲ್ಲಿ ಶುಂಠಿ ಅರೆದು ಕುಡಿಯುತ್ತಿದ್ದನೇ ಹೊರತು, ಅಲ್ಲಿನ ಒಂದು ಚಿಟಿಕೆ ಪುಡಿಯನ್ನೂ ಮುಟ್ಟಿದವನಲ್ಲ.

ದಿನಕ್ಕೆ ಮುನ್ನೂರು ಜನ ಬರುತ್ತಿದ್ದರು. ಅವರಲ್ಲಿ ಮೂವತ್ತು ಮಂದಿಗೆ ಏನೂ ರೋಗವಿಲ್ಲ ಎಂದು ಪಂಡಿತ ಹೇಳುತ್ತಿದ್ದ. ಅವರು ಲೇಹ್ಯಕ್ಕೆ ಬರುವವರು. ಲೇಹ್ಯ ಚೆನ್ನಾಗಿರುತ್ತಿತ್ತು.

ಒಂದು ದಿನ ಅರಸ ಸಂತೆಯ ದಾರಿಯಲ್ಲಿ ಹೋಗುತ್ತಿದ್ದ. ಜವಳಿ ವ್ಯಾಪಾರಿಯೊಬ್ಬ ಧರ್ಮಾಸ್ಪತ್ರೆಯಿಂದ ಹೊರಗೆ ಬಂದ. ಕೈಯಲ್ಲಿ ದೊನ್ನೆ ಇತ್ತು. ಅವನು ಬೆರಳು ನೆಕ್ಕುತ್ತಿದ್ದ. ಏನಪ್ಪಾ ಕಾಯಿಲೆ ಎಂದು ಅರಸ ಕೇಳಿಸಿದ. ದೇವರ ದಯದಿಂದ ಏನೂ ಇಲ್ಲ, ಇದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಬಹಳ ರುಚಿ ಎಂದು ವ್ಯಾಪಾರಿ ವಿನಯದಿಂದ ಹೇಳಿದ.

ಅರಸನಿಗೆ ಕೋಪ ಬರಲಿಲ್ಲ. ಅವನ ಮನಸ್ಸು ನೊಂದಿತು. ಕೋಪ ಬಂದ ಅರಸ ಒಬ್ಬನನ್ನು ದಂಡಿಸಿ ಸುಮ್ಮನಾಗುತ್ತಾನೆ. ಮನಸ್ಸು ನೊಂದ ಅರಸ ಸುಧಾರಣೆ ಮಾಡುತ್ತಾನೆ. ಪಾರುಪತ್ಯಗಾರನನ್ನು ಕರೆಸಿ, ಬರುವ ಯುಗಾದಿಯೊಳಗೆ ಇದು ಸರಿಹೋಗಬೇಕು, ಇಲ್ಲವಾದರೆ ಬಾಗಿಲು ಹಾಕಿಸುತ್ತೇನೆ ಎಂದ.

ಧರ್ಮಾಸ್ಪತ್ರೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕು. ಬೇರೆ ಯಾವ ಯೋಚನೆಯೂ ಪಾರುಪತ್ಯಗಾರನಲ್ಲಿರಲಿಲ್ಲ. ರೋಗ ಇದ್ದವನನ್ನೂ ಇಲ್ಲದವನನ್ನೂ ಬೇರೆ ಮಾಡುವುದು ಹೇಗೆ ಎಂದು ಎಂಟು ದಿನ ತಲೆ ಕೆಡಿಸಿಕೊಂಡ. ಬಾಯಿಮಾತನ್ನು ನಂಬುವಂತಿರಲಿಲ್ಲ. ನಿಜವಾಗಿ ಕೆಮ್ಮುವವನಿಗಿಂತ ಸುಳ್ಳಾಗಿ ಕೆಮ್ಮುವವನು ಚೆನ್ನಾಗಿ ಕೆಮ್ಮುತ್ತಾನೆ. ಒಂಬತ್ತನೆಯ ದಿನ ಊರ ಹಿಂದಿನ ಕಲ್ಲುಗುಡ್ಡ ಅವನ ಕಣ್ಣಿಗೆ ಬಿತ್ತು. ಗುಡ್ಡದ ನಡುವೆ ಒಂದು ಹಾಳು ಮಂಟಪ ಇತ್ತು.

ಧರ್ಮಾಸ್ಪತ್ರೆಯನ್ನು ಅಲ್ಲಿಗೆ ಒಯ್ಯೋಣ ಎಂದುಕೊಂಡ. ನಿಜವಾಗಿ ಬೇಕಾದವನು ಗುಡ್ಡ ಹತ್ತಿ ಬರುತ್ತಾನೆ. ಬೆರಳು ನೆಕ್ಕುವುದಕ್ಕಾಗಿ ಯಾರೂ ಗುಡ್ಡ ಹತ್ತುವುದಿಲ್ಲ. ಇದು ಅರಸನಿಗೆ ಹಿಡಿಸಿತು. ಮಂತ್ರಿಗೆ ಹಿಡಿಸಿತು. ಕೇಳಿದವರಿಗೆಲ್ಲ ಹಿಡಿಸಿತು. ಅವರೆಲ್ಲ ಆರೋಗ್ಯವಾಗಿದ್ದರು.

ಗುಡ್ಡಕ್ಕೆ ನೂರು ಮೆಟ್ಟಿಲು ಕಡಿಯಲು ಒಬ್ಬ ಕಲ್ಲುಕುಟಿಗನನ್ನು ಗೊತ್ತುಮಾಡಿದರು. ಅವನು ಮೂವತ್ತು ವರ್ಷ ಕಲ್ಲಿನ ಧೂಳು ಕುಡಿದಿದ್ದ. ಹೊಂಗೆ ಮರದ ಕೆಳಗೆ ದಿನವೂ ಕಷಾಯಕ್ಕೆ ಬರುತ್ತಿದ್ದವರಲ್ಲಿ ಅವನೂ ಒಬ್ಬ. ಅಕ್ಷರ ಕೆತ್ತುವುದರಲ್ಲಿ ಅವನ ಕೈಗೆ ಸಮನಾದ ಕೈ ಆ ಸೀಮೆಯಲ್ಲಿ ಇರಲಿಲ್ಲ. ಪಾರುಪತ್ಯಗಾರ ಅವನಿಗೆ ಒಂದೊಂದು ಮೆಟ್ಟಿಲೂ ಮೊಳ ಎತ್ತರ ಇರಲಿ ಎಂದ.

“ಗೇಣು ಸಾಕಲ್ವಾ ಬುದ್ಧಿ? ಮೊಳ ಯಾಕೆ?” ಎಂದು ಕಲ್ಲುಕುಟಿಗ ಕೇಳಿದ.

“ಗೇಣು ಮಾಡಿದರೆ ಎಲ್ಲರೂ ಹತ್ತಿಬಿಡುತ್ತಾರೆ.”

“ಹತ್ತಲಿ ಅಂತಲ್ವಾ ಬುದ್ಧಿ, ಮೆಟ್ಟಿಲು ಕಡಿಯೋದು?”

ಪಾರುಪತ್ಯಗಾರ ನಕ್ಕ. ಕಲ್ಲಿನ ಕೆಲಸದವನಿಗೆ ಆಡಳಿತ ಅರ್ಥವಾಗುವುದಿಲ್ಲ ಎಂದುಕೊಂಡ. ಮೆಟ್ಟಿಲು ಮೊಳ ಎತ್ತರವೇ ಆಯಿತು.

ಯುಗಾದಿಗೆ ಮುಂಚೆ ಧರ್ಮಾಸ್ಪತ್ರೆ ಮಂಟಪಕ್ಕೆ ಹೋಯಿತು. ಮುನ್ನೂರು ಜನರ ಬದಲು ಅರುವತ್ತು ಜನ ಬಂದರು. ಆಮೇಲೆ ನಲವತ್ತಾದರು. ಅರಸ ಹಿಗ್ಗಿದ. ಪಾರುಪತ್ಯಗಾರನೂ ಹಿಗ್ಗಿದ, ಬಾಗಿಲು ಉಳಿದಿತ್ತು. ಆದರೆ ನಲವತ್ತು ಜನರ ನಾಡಿ ನೋಡಿದ ಪಂಡಿತ, ಇವರಲ್ಲಿ ಮೂವತ್ತು ಮಂದಿಗೆ ರೋಗವಿಲ್ಲ ಎಂದ. ಅದೇ ಮೂವತ್ತು ಮಂದಿ, ಇವರ ನಾಡಿ ನನಗೆ ಪರಿಚಯ ಎಂದೂ ಸೇರಿಸಿದ. ಜವಳಿ ವ್ಯಾಪಾರಿ ಮಾತ್ರ ಹತ್ತಿರಲಿಲ್ಲ. ತನ್ನ ಆಳನ್ನು ಕಳಿಸಿದ್ದ.

ಪಾರುಪತ್ಯಗಾರ ಲೆಕ್ಕದಲ್ಲಿ ಗಟ್ಟಿಗ. ಮೊದಲು ಹತ್ತರಲ್ಲಿ ಒಬ್ಬ ಸುಳ್ಳುಗಾರ ಇದ್ದ. ಈಗ ನಾಲ್ವರಲ್ಲಿ ಮೂವರು ಸುಳ್ಳುಗಾರರು. ಎಂದರೆ ಮೋಸ ತಾನು ಎಣಿಸಿದ್ದಕ್ಕಿಂತ ಬಹಳ ಆಳಕ್ಕೆ ಇಳಿದಿದೆ. ಮೆಟ್ಟಿಲು ಸಾಲದು. ಅವನು ಬೇಸರಪಟ್ಟುಕೊಂಡು, ಧರ್ಮಾಸ್ಪತ್ರೆಯನ್ನು ಗುಡ್ಡದ ತುದಿಗೆ ಒಯ್ಯಲು ಅಪ್ಪಣೆ ಬೇಡಿದ. ಅರಸ ಅಪ್ಪಣೆಯ ಜೊತೆಗೆ ಇನ್ನೊಂದು ವರ್ಷದ ಅವಧಿಯನ್ನೂ ಕೊಟ್ಟ.

ಕಲ್ಲುಕುಟಿಗ ಇನ್ನೂ ನೂರು ಮೆಟ್ಟಿಲಿನ ಕಲ್ಲು ಕಡಿಯಲು ಗುಡ್ಡದ ಬುಡದಲ್ಲಿ, ಮೊದಲ ಮೆಟ್ಟಿಲ ಮೇಲೆ ಕೂತ; ಕಡಿದ ಕಲ್ಲನ್ನು ಆಳುಗಳು ಮೇಲಕ್ಕೆ ಹೊರುತ್ತಿದ್ದರು. ಕೆಲಸ ನಿಧಾನವಾಗಿತ್ತು. ಎರಡು ಏಟು ಹಾಕಿ ಕೆಮ್ಮುತ್ತಿದ್ದ; ಕೆಮ್ಮಿ ಮುಗಿಸಿ ಮತ್ತೆ ಎರಡು ಏಟು ಹಾಕುತ್ತಿದ್ದ. ಮೇಲೆ ಹೋಗಿ ಕಷಾಯ ತಗೋ ಎಂದು ಪಾರುಪತ್ಯಗಾರನೇ ಎಷ್ಟೋ ಸಲ ಹೇಳಿದ್ದ. ಅವನು ಹೋಗುತ್ತಿದ್ದ. ಮೊದಲು ದಿನವೂ ಹೋಗುತ್ತಿದ್ದ. ಆಮೇಲೆ ದಿನ ಬಿಟ್ಟು ದಿನ ಹೋದ. ಆಮೇಲೆ, ಇವತ್ತು ಬೇಡ ಬುದ್ಧಿ, ನಾಳೆ ನೋಡೋಣ ಎನ್ನತೊಡಗಿದ.

ಒಂದು ದಿನ ಅವನು ಉಳಿ ಕೆಳಗಿಟ್ಟು ಪಾರುಪತ್ಯಗಾರನನ್ನು ಕರೆದ.

“ಬುದ್ಧಿ, ನಾನು ಇಲ್ಲಿ ಕೂತು ಆರು ತಿಂಗಳಾಯ್ತು. ಈ ಮೆಟ್ಟಿಲ ಮೇಲೆ ಕೆಮ್ಮೋನು ನಾನೊಬ್ಬನೇ. ಹತ್ತಿ ಹೋಗೋರು ಒಬ್ಬರೂ ಕೆಮ್ಮೋದಿಲ್ಲ.”

ಪಾರುಪತ್ಯಗಾರ ಆ ಮಾತನ್ನು ಶ್ರದ್ಧೆಯಿಂದ ಕೇಳಿಸಿಕೊಂಡ. ಅಂದೇ ಅರಸನಿಗೆ ಬರೆದ ಒಕ್ಕಣೆಯಲ್ಲಿ ಅದನ್ನು ಸೇರಿಸಿದ. ಹತ್ತಿ ಬರುವವರಲ್ಲಿ ಒಬ್ಬನಿಗೂ ಕೆಮ್ಮಿಲ್ಲವೆಂದು ಮೆಟ್ಟಿಲು ಕಡಿಯುವವನೇ ಸಾಕ್ಷಿ ಹೇಳುತ್ತಾನೆ ಎಂದು ಬರೆದ. ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಮಳೆಗಾಲ ಕಳೆಯಿತು. ಕಲ್ಲುಕುಟಿಗ ಕೆಲಸಕ್ಕೆ ಬರುವುದು ನಿಂತುಹೋಯಿತು. ಪಾರುಪತ್ಯಗಾರ ಎರಡು ಸಲ ಹೇಳಿಕಳಿಸಿದ. ಉತ್ತರ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿರಬೇಕು, ಬೇಕಾಗಿದ್ದರೆ ಬರುತ್ತಿದ್ದ ಎಂದುಕೊಂಡು, ಉಳಿದ ಮೆಟ್ಟಿಲುಗಳನ್ನು ಬೇರೆಯವರ ಕೈಯಲ್ಲಿ ಮುಗಿಸಿದ.

ಧರ್ಮಾಸ್ಪತ್ರೆ ಗುಡ್ಡದ ತುದಿ ಸೇರಿತು. ಈಗ ದಿನಕ್ಕೆ ಹನ್ನೆರಡು ಜನ ಬರುತ್ತಿದ್ದರು. ಹನ್ನೆರಡೂ ಜನ ಗರಡಿಮನೆಯವರು. ಇನ್ನೂರು ಮೆಟ್ಟಿಲು ಹತ್ತುವುದು ತೊಡೆಗೆ ಒಳ್ಳೆಯದು, ಮೇಲೆ ಹೋದರೆ ಲೇಹ್ಯವೂ ಸಿಗುತ್ತದೆ ಎಂದು ಅವರು ಬೆಳಗ್ಗೆ ಬೆಳಗ್ಗೆ ಓಡಿಕೊಂಡು ಬರುತ್ತಿದ್ದರು. ಪಂಡಿತ ಅವರ ನಾಡಿ ಹಿಡಿದು, ಇಂಥ ನಾಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ ಎಂದ. ಆಮೇಲೆ ಅವನು ಮಾತಾಡುವುದನ್ನೇ ಕಡಿಮೆ ಮಾಡಿದ. ಕಷಾಯದ ಹಂಡೆ ಮುಟ್ಟುವವರಿಲ್ಲದೆ ತಣ್ಣಗಾಗುತ್ತಿತ್ತು.

ಯುಗಾದಿ ಹತ್ತಿರ ಬಂತು. ಅರಸ ತಾನೇ ಬಂದು ನೋಡುವುದಾಗಿಯೂ ಪಾರುಪತ್ಯಗಾರನಿಗೆ ಶಾಲು ಹೊದಿಸುವುದಾಗಿಯೂ ಹೇಳಿಕಳಿಸಿದ. ಗುಡ್ಡದ ಬುಡದಲ್ಲಿ ಒಂದು ಶಾಸನದ ಕಲ್ಲು ನಿಲ್ಲಿಸಬೇಕೆಂದೂ ಅಪ್ಪಣೆಯಾಯಿತು. ಈ ಅರಸನ ಕಾಲದಲ್ಲಿ ಈ ಪಾರುಪತ್ಯಗಾರನು ಧರ್ಮಾಸ್ಪತ್ರೆಯನ್ನು ಶುದ್ಧಗೊಳಿಸಿದನು ಎಂದು ಅದರಲ್ಲಿ ಕೆತ್ತಬೇಕಾಗಿತ್ತು. ಅಂಥ ಅಕ್ಷರವನ್ನು ಕೆತ್ತುವ ಕೈ ಒಂದೇ. ಪಾರುಪತ್ಯಗಾರ ಶಾಸನದ ಒಕ್ಕಣೆಯನ್ನು ಓಲೆಯಲ್ಲಿ ಬರೆದುಕೊಂಡು ಕಲ್ಲುಕುಟಿಗನ ಕೇರಿಗೆ ತಾನೇ ಹೊರಟ.

ಎರಡು ವರ್ಷದಲ್ಲಿ ಅವನು ಗುಡ್ಡವನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿದ್ದ. ಕೇರಿಗೆ ಇಳಿದದ್ದು ಅದೇ ಮೊದಲು.

ಕೇರಿಯ ಜಗಲಿಗಳ ಮೇಲೆ ಜನ ಮಲಗಿದ್ದರು. ಮೊದಲ ಜಗಲಿಯ ಮೇಲೆ ಇದ್ದವಳ ಮುಖ ಅವನಿಗೆ ಗೊತ್ತಿತ್ತು. ಕಾಲು ಊದಿಕೊಂಡು ಹೊಂಗೆ ಮರಕ್ಕೆ ಒರಗಿ ಕೂರುತ್ತಿದ್ದ ಕುಂಬಾರಗಿತ್ತಿ. ಅದರಾಚೆ ಒಬ್ಬ ನೇಕಾರ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ. ಅದರಾಚೆ ಬಸುರಿಯೊಬ್ಬಳು ಚಾಪೆಯ ಮೇಲೆ ಜ್ವರದಲ್ಲಿ ನಡುಗುತ್ತಿದ್ದಳು. ಅವನು ಎಣಿಸಲು ಶುರುಮಾಡಿದ. ಎಣಿಸುವುದು ಅವನ ಅಭ್ಯಾಸ. ನಲವತ್ತು ದಾಟಿದ ಮೇಲೆ ನಿಲ್ಲಿಸಿದ. ಕೇರಿ ಇನ್ನೂ ಉದ್ದಕ್ಕಿತ್ತು. ಊರಿನಲ್ಲಿ ಇಂಥ ಕೇರಿ ಇನ್ನೂ ಆರು ಇದ್ದವು.

ಗುಡ್ಡದ ಮೇಲಿಂದ ಯಾರೋ ಇಳಿದು ಬಂದಿದ್ದಾರೆ ಎಂಬ ಸುದ್ದಿ ಅವನಿಗಿಂತ ಮುಂದೆ ಹೋಯಿತು. ಏಳಲು ಆಗುವವರು ಎದ್ದು ಕೂತರು. ಆಗದವರು ತಲೆ ಎತ್ತಿದರು. ಎಲ್ಲರೂ ಅವನ ಕೈ ನೋಡಿದರು. ಮದ್ದು ತಂದಿದ್ದಾನೆ ಎಂದುಕೊಂಡಿದ್ದರು. ಅವನ ಕೈಯಲ್ಲಿ ಶಾಸನದ ಓಲೆ ಇತ್ತು.

ಕಲ್ಲುಕುಟಿಗನ ಮನೆಯಲ್ಲಿ ಅವನ ಹೆಂಡತಿ ಒಬ್ಬಳೇ ಇದ್ದಳು. ಅವನು ತೀರಿಹೋಗಿ ಹನ್ನೊಂದು ದಿನವಾಗಿತ್ತು. ಅವಳು ಅಳಲಿಲ್ಲ. ಬಂದವರಿಗೆ ಕೂರಲು ಮಣೆ ಹಾಕಿದಳು. ಅವನ ಉಳಿ ಸುತ್ತಿಗೆಗಳನ್ನು ತೊಳೆದು ಮೂಲೆಯಲ್ಲಿ ಜೋಡಿಸಿದ್ದಳು. ಮೇಲೆ ಬಂದು ಮದ್ದು ತೆಗೆದುಕೊಳ್ಳಬಾರದಿತ್ತೇ ಎಂದು ಪಾರುಪತ್ಯಗಾರ ಕೇಳಿದ. ಬೇರೆ ಏನು ಕೇಳಬೇಕೆಂದು ಅವನಿಗೆ ತೋಚಲಿಲ್ಲ.

“ಮೂರು ಸಲ ಹೊರಟ್ರು ಬುದ್ಧಿ,” ಎಂದಳು ಅವಳು. “ಕಡೇ ಸಲ ನಾನೂ ಜೊತೇಲಿದ್ದೆ. ಮೂವತ್ತೇಳು ಮೆಟ್ಟಿಲು ಹತ್ತಿದ್ರು. ಅಲ್ಲಿ ಕೂತು, ಆ ಕಲ್ಲು ಸವರಿ ನಕ್ಕರು. ಗೇಣೇ ಸಾಕಾಗಿತ್ತು ಕಣೇ, ಅಂದ್ರು.”

ಪಾರುಪತ್ಯಗಾರ ಓಲೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ. ಬಂದ ದಾರಿಯಲ್ಲೇ ವಾಪಸು ಹೋಗಬೇಕಾಗಿತ್ತು. ಜಗಲಿಗಳ ಮೇಲೆ ಎದ್ದು ಕೂತವರು ಇನ್ನೂ ಮಲಗಿರಲಿಲ್ಲ.

ಮರುದಿನ ಅರಸ ಬಂದ. ಅವನ ಪಲ್ಲಕ್ಕಿಯನ್ನು ಗರಡಿಮನೆಯವರೇ ಹೊತ್ತು ತುದಿಗೆ ತಂದರು. ಮೇಲೆ ಎಲ್ಲವೂ ಸ್ವಚ್ಛವಾಗಿತ್ತು. ನೆಲ ಸಾರಿಸಿತ್ತು. ಚಾಪೆಗಳು ಸುತ್ತಿಟ್ಟಂತೆಯೇ ಇದ್ದವು. ಪಂಡಿತ ಒಂದು ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಮಂತ್ರಿ ಪಾರುಪತ್ಯಗಾರನ ಹೆಗಲಿಗೆ ಶಾಲು ಹೊದಿಸಿದ. ಅರಸ ಖಾಲಿ ಧರ್ಮಾಸ್ಪತ್ರೆಯನ್ನು ಒಂದು ಸುತ್ತು ಹಾಕಿ ಬಂದ. ಅವನ ಮುಖದಲ್ಲಿ ನೋವು ಹೋಗಿ ಸಂತೋಷ ತುಂಬಿತ್ತು.

“ನನ್ನ ರಾಜ್ಯದಲ್ಲಿ ಈಗ ರೋಗಿಗಳೇ ಇಲ್ಲವೇ?” ಎಂದು ಕೇಳಿದ.

ಪಾರುಪತ್ಯಗಾರ ತಲೆ ಎತ್ತಿದ. ಅವನ ಸೊಂಟದಲ್ಲಿ ಓಲೆ ಇತ್ತು. ಹೆಗಲ ಮೇಲೆ ಶಾಲು ಇತ್ತು. ಅಲ್ಲಿಂದ ನೋಡಿದರೆ ಕೇರಿಗಳ ಮಾಡುಗಳು ಕಾಣುತ್ತಿದ್ದವು. ಜಗಲಿಗಳು ಕಾಣುತ್ತಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.



“ಪಾರುಪತ್ಯಗಾರ ಏನು ಹೇಳಿದ ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಪಕ್ಕದಲ್ಲಿದ್ದ ಪಟ್ಟಿಯನ್ನು ಎತ್ತಿ ಅವನ ಕೈಗೆ ಕೊಟ್ಟರು.

“ಇದರಲ್ಲಿ ಮೊದಲ ಹೆಸರು ಹುಣಸೆಕಟ್ಟೆಯ ದ್ಯಾವಮ್ಮನದು, ಅಲ್ಲಿ ಚಹಾ ಕುಡಿಯುವಾಗ ಅವಳ ಮನೆ ಯಾವುದೆಂದು ಕೇಳಿದೆಯಾ?”