ಸಂಜೆಯ ಪೊರಕೆ

ನದಿಯು ದೊಡ್ಡ ಬಂಡೆಯೊಂದನ್ನು ಬಳಸಿ ತಿರುಗುವಲ್ಲಿ ಅಕ್ಷಯಾಂಬೆಯವರ ಆಶ್ರಮ. ಅವರು ವೃದ್ಧೆ, ಬಹುಕಾಲದ ಗುರು. ವಾಮನ ಅವರ ಶಿಷ್ಯ. ಹೆಸರು ವಾಮನನಾದರೂ, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಾದಷ್ಟು ಎತ್ತರದವನು.

ಆಶ್ರಮದಲ್ಲಿ ಒಂದು ಹಳೆಯ ತಾಳೆಗರಿಯ ಗ್ರಂಥವಿತ್ತು. ಅದರ ದಾರ ಎಂದೋ ಕಡಿದು, ಗರಿಗಳು ಕಲೆತುಹೋಗಿದ್ದವು. ಅಂಚಿನ ಅಂಕಿಗಳು ಸವೆದಿದ್ದವು. ಮುಟ್ಟಿದರೆ ಪುಡಿಯಾದಾವೆಂಬ ಭಯದಿಂದ ಪ್ರತಿಯೊಂದು ಗರಿಯ ಚಿತ್ರವನ್ನೂ ತೆಗೆಸಿ, ಕಂತೆಗೊಂದು ಫೋಲ್ಡರಿನಂತೆ ಗಣಕಯಂತ್ರದಲ್ಲಿ ಇರಿಸಿದ್ದರು.

ಗರಿಗಳ ಕ್ರಮವನ್ನು ಕಂಡುಹಿಡಿಯಲು ಗುರುವಿಗೆ ಒಂದು ದಾರಿ ಗೊತ್ತಿತ್ತು. ಹಿಂದೊಮ್ಮೆ ಯಾವುದೋ ಹುಳು ಗ್ರಂಥವನ್ನು ಓರೆಯಾಗಿ ಕೊರೆದು ಸಾಗಿತ್ತು. ಅದು ಮಾಡಿದ ತೂತು ಗರಿಯಿಂದ ಗರಿಗೆ ಕೂದಲೆಳೆಯಷ್ಟು ಸರಿಯುತ್ತಿತ್ತು. ಚಿತ್ರಗಳನ್ನು ದೊಡ್ಡದಾಗಿ, ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಯಾವುದರ ಮುಂದೆ ಯಾವುದೆಂದು ಊಹಿಸಬಹುದಿತ್ತು. ಆಮೇಲೆ ಬರಹವನ್ನು ಓದಿ ಖಚಿತಪಡಿಸುವರು. ಆ ಗರಿಗೆ ವಾಮನ ಹೊಸ ಅಂಕಿ ಕೊಡುವನು.

“ಗ್ರಂಥವನ್ನು ತಿಂದವನೇ ಗ್ರಂಥವನ್ನು ಕಾಪಾಡಿದ,” ಎಂದು ಗುರುಗಳು ನಗುತ್ತಿದ್ದರು.

ಆ ಹಳೆಯ ಲಿಪಿಯನ್ನು ಓದಬಲ್ಲವರು ಅಲ್ಲಿ ಅವರೊಬ್ಬರೇ. ಅವರ ಕಣ್ಣಿನ ಬೆಳಕೋ ದಿನೇ ದಿನೇ ಕುಂದುತ್ತಿತ್ತು. ಬೆಳಗಿನ ತುಸು ಹೊತ್ತು ಮಾತ್ರ ಅಕ್ಷರಗಳು ಕಾಣುತ್ತಿದ್ದವು. ಬಿಸಿಲು ಬಂಡೆಯ ನೆತ್ತಿಗೆ ಬಂದರೆ ಎಲ್ಲವೂ ಮಂಜು. ಚಳಿಗಾಲದ ಹೊತ್ತಿಗೆ ಅಷ್ಟೂ ಉಳಿಯಲಾರದೆಂದು ವೈದ್ಯರು ಹೇಳಿದ್ದರು.

ಒಂದು ಬೆಳಗ್ಗೆ ವಾಮನ ಗಣಕಯಂತ್ರವನ್ನು ತೆರೆದ. ಹಿಂದಿನ ದಿನ ದೊಡ್ಡದಾಗಿ ಜೋಡಿಸಿಟ್ಟಿದ್ದ ಗರಿಗಳು ಕಾಣಲಿಲ್ಲ. ಅವುಗಳ ಜಾಗದಲ್ಲಿ ಸಣ್ಣ ಸಣ್ಣ ಹೆಸರುಗಳು ಇರುವೆಯ ಸಾಲಿನಂತೆ ನಿಂತಿದ್ದವು.

“ಇದೇನು ಮಗು?”

“ತಿಳಿಯದು ಅಮ್ಮ. ನಿನ್ನೆ ಎಲ್ಲವನ್ನೂ ಸರಿಯಾಗಿ ಇಟ್ಟಿದ್ದೆ. ಈಗಲೇ ಸರಿಮಾಡುತ್ತೇನೆ.”

ಅವನು ಒಂದು ಫೋಲ್ಡರನ್ನು ತೆರೆದು ಚಿತ್ರಗಳನ್ನು ದೊಡ್ಡದು ಮಾಡಿದ. ಇನ್ನೊಂದನ್ನು ತೆರೆದ, ಮತ್ತೊಂದನ್ನು ತೆರೆದ. ಎಲ್ಲ ಫೋಲ್ಡರುಗಳಿಗೂ ಇದೇ ಇರಲಿ ಎಂಬ ಗುಂಡಿಯನ್ನೂ ಒತ್ತಿದ. ಕೆಲವು ಕೇಳಿದವು, ಕೆಲವು ಕೇಳಲಿಲ್ಲ. ಕೇಳದವನ್ನು ಮತ್ತೆ ಒಂದೊಂದಾಗಿ ಹಿಡಿದ.

ಅಷ್ಟರಲ್ಲಿ ಗುರುಗಳು ಎದ್ದು ನಿಂತರು.

“ಬಿಸಿಲು ಬಂಡೆ ಹತ್ತಿತು. ನಾಳೆ ನೋಡೋಣ.”

ಮರುದಿನವೂ ಇರುವೆಯ ಸಾಲೇ. ಅದರ ಮರುದಿನವೂ ಅದೇ.

ವಾಮನ ಪೇಟೆಯ ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದ.

“ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸ್ವಾಮಿ,” ಎಂದ ಅವನು.

“ದಿನವೂ ಮಾಡುತ್ತೇನೆ. ಆಫ್ ಮಾಡಿ ಆನ್ ಮಾಡಿದಾಗಲೇ ಈ ತೊಂದರೆ.”

“ಹಂಗಾದ್ರೆ ಆಫೇ ಮಾಡ್ಬೇಡಿ.”

ಆದರೆ ಆಶ್ರಮಕ್ಕೆ ಇದ್ದದ್ದು ಹಂಚಿನ ಮೇಲಿನ ಸೌರಫಲಕದ ವಿದ್ಯುತ್ತು ಮಾತ್ರ. ಕತ್ತಲಾದರೆ ಅದೂ ಇಲ್ಲ.

ಆ ಆಶ್ರಮಕ್ಕೆ ಒಂದು ಕಟ್ಟಳೆಯಿತ್ತು. ಅಂದಿನ ಕಸ ಅಂದೇ ಹೋಗಬೇಕು. ಸಂಜೆ ದೀಪ ಹಚ್ಚುವ ಮುನ್ನ ಪ್ರತಿಯೊಬ್ಬರೂ ತಾವು ಕೂತ ಜಾಗವನ್ನು ಗುಡಿಸಬೇಕು. ಮರಳು ಹರಡಿದ ಹಲಗೆಯ ಮೇಲೆ ಬರೆದ ಪಾಠವನ್ನು ಅಳಿಸಬೇಕು.

ವಾಮನ ಈ ಕಟ್ಟಳೆಯಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದು. ಅವನು ಜಗಲಿಯನ್ನು ಗುಡಿಸುವನು, ಹಲಗೆಯ ಮರಳನ್ನು ಸಮಮಾಡುವನು, ನದಿಯ ಮೆಟ್ಟಿಲ ಬಳಿ ತಾನು ನಡೆದ ಹೆಜ್ಜೆಯ ಗುರುತನ್ನೂ ಒರೆಸುವನು. ಇತ್ತೀಚೆಗೆ ಗಣಕಯಂತ್ರಕ್ಕೂ ಒಂದು ಪೊರಕೆ ತಂದಿದ್ದ. ಅದೊಂದು ಶುದ್ಧಿಯ ತಂತ್ರಾಂಶ. ಯಂತ್ರವನ್ನು ಮುಚ್ಚುವ ಮುನ್ನ ಅದರ ಗುಂಡಿಯನ್ನು ಒತ್ತಿದರೆ ದಿನದ ಗುರುತುಗಳೆಲ್ಲ ಅಳಿಸಿಹೋಗುತ್ತಿದ್ದವು.

“ನೋಡಿ ಪದ್ದಕ್ಕ, ಇದೀಗ ಅಂಗಡಿಯಿಂದ ತಂದಂತಿದೆ,” ಎಂದು ಅಡುಗೆಯ ಪದ್ದಕ್ಕನಿಗೆ ಅಭಿಮಾನದಿಂದ ತೋರಿಸಿದ.

“ಒರೆಸೋ ಭರದಲ್ಲಿ ಹಣೆಯ ವಿಭೂತೀನೂ ಒರೆಸಿಕೊಂಡೀಯ, ಹುಷಾರು,” ಎಂದು ಪದ್ದಕ್ಕ ಒಲೆಯ ಕಡೆಗೆ ತಿರುಗಿದಳು.

ಮತ್ತೊಂದು ಬೆಳಗು ಹಾಳಾದ ಮೇಲೆ ವಾಮನ ಗುರುವಿನ ಕಾಲಿಗೆ ಬಿದ್ದ.

“ಅಮ್ಮ, ಈ ಯಂತ್ರಕ್ಕೆ ನಿಷ್ಠೆಯಿಲ್ಲ. ಸಂಜೆ ಹೇಳಿದ್ದನ್ನು ಬೆಳಗ್ಗೆ ಮರೆಯುತ್ತದೆ. ಇದಕ್ಕೆ ಹೇಗೆ ಕಲಿಸಲಿ?”

ಗುರುಗಳು ಅವನ ತಲೆ ನೇವರಿಸಿ ಎದ್ದುಹೋದರು.

ಮರುದಿನ ಬೆಳಗ್ಗೆ ಅವನು ನಮಸ್ಕರಿಸಿದಾಗ ಅವರು ಅವನ ಮುಖವನ್ನು ನೋಡಿ ಕೇಳಿದರು:

“ಯಾರಪ್ಪ ನೀನು?”

ವಾಮನ ನಕ್ಕ. ಅವರು ನಗಲಿಲ್ಲ.

“ನಾನು ವಾಮನ, ಅಮ್ಮ.”

“ಯಾವ ಊರಿನವನು? ಇಲ್ಲಿಗೇಕೆ ಬಂದೆ?”

“ಅಮ್ಮ, ನಾನು ನಿಮ್ಮ ಶಿಷ್ಯ.”

“ಹಾಗೋ! ಒಳ್ಳೆಯದು. ಕೂಡು. ಅಕ್ಷರಾಭ್ಯಾಸದಿಂದ ಆರಂಭಿಸೋಣ.”

ಅವರು ಅವನ ಬೆರಳನ್ನು ಹಿಡಿದು ಮರಳಿನ ಮೇಲೆ ಮೊದಲನೆಯ ಅಕ್ಷರವನ್ನು ತಿದ್ದಿಸಿದರು. ಅಷ್ಟೆತ್ತರದವನು ಮಂಡಿಯೂರಿ ಕುಳಿತು ‘ಅ’ ತಿದ್ದಿದ. ಬಿಸಿಲು ಬಂಡೆ ಹತ್ತಿತು.

ಮರುದಿನವೂ ಅದೇ ಪ್ರಶ್ನೆ. “ಯಾರಪ್ಪ ನೀನು?” ಮತ್ತೆ ಅದೇ ಅಕ್ಷರ.

ವಾಮನ ಅಡುಗೆಮನೆಗೆ ಹೋಗಿ ಗೋಡೆಗೊರಗಿ ನಿಂತ. ಕಣ್ಣು ತುಂಬಿತ್ತು.

“ಪದ್ದಕ್ಕ, ಅಮ್ಮನವರ ಕಣ್ಣಷ್ಟೇ ಅಲ್ಲ, ನೆನಪೂ ಹೋಗುತ್ತಿದೆ.”

“ಯಾರ ನೆನಪೋ?” ಎಂದಳು ಪದ್ದಕ್ಕ. “ನಿನ್ನೆ ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂತ ಈಗ ತಾನೇ ಅಂದರು. ಅದರ ಜೊತೆಗೆ ಹೋದ ವರ್ಷದ ಉಪ್ಪಿನಕಾಯೀದೂ ಸೇರಿಸಿ ಅಂದರು. ಅವರು ಏನಾದರೂ ಮರೀಲಿ ಅಂತ ನಾನು ಕಾಯ್ತಾ ಇದೀನಿ.”

ವಾಮನ ಕಣ್ಣೊರೆಸಿಕೊಂಡು ನೇರವಾಗಿ ಗುರುವಿನ ಬಳಿಗೆ ನಡೆದ.

“ಅಮ್ಮ, ಉಪ್ಪಿನಕಾಯಿ ನೆನಪಿದೆ. ನನ್ನನ್ನು ಮಾತ್ರ ಏಕೆ ಮರೆತಿರಿ?”

“ನಿನ್ನ ಯಂತ್ರ ನಿನ್ನನ್ನು ಏಕೆ ಮರೆಯಿತು?”

“ಅದು ಕೆಟ್ಟಿದೆ.”

“ಹಾಗಾದರೆ ನಾನೂ ಕೆಟ್ಟಿರಬೇಕು.”

“ತಮಾಷೆಯ ಹೊತ್ತಲ್ಲ ಅಮ್ಮ,” ಎಂದ ವಾಮನ. “ನಿಮಗಿರುವುದು ಇನ್ನು ಕೆಲವೇ ಬೆಳಗು. ಅವು ನನ್ನ ಕೈಯಲ್ಲಿ ಸೋರಿಹೋಗುತ್ತಿವೆ. ನಾನು ಇದಕ್ಕೆ ಯೋಗ್ಯನಲ್ಲ. ಬೇರೆ ಯಾರನ್ನಾದರೂ ಕರೆಸಿ. ನಾನು ಹೊರಡುತ್ತೇನೆ.”

ಗುರುಗಳು ಅಡುಗೆಮನೆಯ ಕಡೆಗೆ ತಿರುಗಿದರು.

“ಹೊರಡುವುದಾದರೆ ನಾಳೆ ಹೊರಡು. ಇಂದು ಸಂಜೆ ಪದ್ದಕ್ಕನಿಗೆ ಕೈ ನೋವು. ಮೊಸರಿನ ಗಡಿಗೆಯನ್ನು ನೀನು ತೊಳೆದಿಡು. ನೀನು ತೊಳೆಯುವ ಹಾಗೆ ತೊಳೆ.”

ವಾಮನ ಗಡಿಗೆಯನ್ನು ತನ್ನ ರೀತಿಯಲ್ಲೇ ತೊಳೆದ. ತಳದಲ್ಲಿ ಒಂದಿಷ್ಟು ಮೊಸರು ಅಂಟಿತ್ತು. ಅದನ್ನು ಗಿಡದ ಬುಡಕ್ಕೆ ಚೆಲ್ಲಿ, ಬೂದಿ ಹಾಕಿ ತಿಕ್ಕಿ, ಮುಖ ಕಾಣುವಂತೆ ಬೆಳಗಿ, ಬೋರಲು ಹಾಕಿದ.

ಬೆಳಗ್ಗೆ ಅವನು ಗಂಟು ಕಟ್ಟುತ್ತಿದ್ದಾಗ ಅಡುಗೆಮನೆಯಿಂದ ಕೂಗು ಕೇಳಿತು.

“ಏನೋ ವಾಮನಮೂರ್ತಿ! ಬಲಿಯ ತಲೆ ತುಳಿದದ್ದು ಸಾಲದು ಅಂತ ನನ್ನ ಗಡಿಗೇನೂ ತುಳಿದೆಯಾ? ಹೆಪ್ಪು ಎಲ್ಲೋ?”

“ಯಾವ ಹೆಪ್ಪು?”

“ರಾತ್ರಿ ಹಾಲಿಗೆ ಹಾಕೋಣ ಅಂತ ನೋಡಿದರೆ ಗಡಿಗೆ ಕನ್ನಡಿ ಹಾಗೆ ಹೊಳೀತಾ ಇದೆ! ಹಾಲು ಹಾಲಾಗೇ ಕೂತಿದೆ ನೋಡು. ಇವತ್ತು ಅಮ್ಮನವರ ಅನ್ನಕ್ಕೆ ಮಜ್ಜಿಗೆ ಎಲ್ಲಿಂದ ತರಲಿ?”

“ತಳದಲ್ಲಿ ಉಳಿದ ಎಂಜಲೆಂದುಕೊಂಡೆ ಪದ್ದಕ್ಕ.”

“ಎಂಜಲಂತೆ! ನಾಳೆಗೆ ಬೇಕು ಅಂತ ನಾನೇ ಬಿಟ್ಟಿದ್ದು ಕಣೋ ಅದು. ಎಲ್ಲಾನೂ ತೊಳೆದುಬಿಟ್ಟರೆ ನಾಳೆ ಎಲ್ಲಿಂದ ಶುರುವಾಗುತ್ತೆ?”

ವಾಮನ ಬರಿದಾದ ಗಡಿಗೆಯ ಮೇಲೆ ಕೈಯಿಟ್ಟು ನಿಂತ. ಪದ್ದಕ್ಕ ಇನ್ನೂ ಬೈಯುತ್ತಿದ್ದಳು, ಅವನಿಗೆ ಕೇಳಿಸುತ್ತಿರಲಿಲ್ಲ.

ಗಂಟನ್ನು ಅಲ್ಲೇ ಬಿಟ್ಟು ಅವನು ಗಣಕಯಂತ್ರದ ಬಳಿಗೆ ಓಡಿದ. ಬಾಗಿಲ ಚೌಕಟ್ಟಿಗೆ ತಲೆ ಬಡಿಯಿತು. ಶುದ್ಧಿಯ ತಂತ್ರಾಂಶವನ್ನು ತೆರೆದ. ಏನೇನನ್ನು ಅಳಿಸಬೇಕೆಂದು ಅದು ಕೇಳಿದಲ್ಲೆಲ್ಲ ಅವನೇ ಒಪ್ಪಿಗೆಯ ಗುರುತು ಹಾಕಿದ್ದ. ಒಂದನ್ನೂ ಓದದೆ ಹಾಕಿದ್ದ. ಈಗ ಓದಿದ. ನಡುವೆ ಒಂದೆಡೆ ಹೀಗಿತ್ತು: ಫೋಲ್ಡರುಗಳ ನೋಟದ ನೆನಪು.

ಗುರುಗಳು ನದಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ವಾಮನ ಎರಡು ಮೆಟ್ಟಿಲು ಕೆಳಗೆ, ನೀರಿನ ಅಂಚಿನಲ್ಲಿ ಕುಳಿತ.

“ಅಮ್ಮ, ಯಂತ್ರ ಏನನ್ನೂ ಮರೆಯಲಿಲ್ಲ. ನಾನು ಹೇಳಿದ್ದೆಲ್ಲವನ್ನೂ ಅದು ನೆನಪಿಟ್ಟುಕೊಂಡಿತ್ತು. ಪ್ರತಿ ಸಂಜೆ ನಾನೇ ಅಳಿಸುತ್ತಿದ್ದೆ.”

ಅವರು ಅವನ ಕಡೆಗೆ ತಿರುಗಿದರು.

“ನಿಮ್ಮ ಬೆಳಗುಗಳನ್ನು ಕದ್ದವನು ನಾನೇ.”

“ಕದ್ದವನಿಗೆ ಕದ್ದದ್ದಾದರೂ ಸಿಗುತ್ತದೆ. ನಿನಗೇನು ಸಿಕ್ಕಿತು?”

“ತಲೆಗೊಂದು ಬುಗುಟು,” ಎಂದ ವಾಮನ, ಹಣೆಯನ್ನು ಮುಟ್ಟಿಕೊಂಡು.

ಗುರುಗಳು ಜೋರಾಗಿ ನಕ್ಕರು. ಬಹಳ ದಿನಗಳ ಮೇಲೆ ಅವರು ಹಾಗೆ ನಕ್ಕದ್ದು.

“ನಿಮಗೆ ಮೊದಲೇ ಗೊತ್ತಿತ್ತೇ ಅಮ್ಮ?”

“ನಿನ್ನ ಯಂತ್ರದ ವಿಷಯ ನನಗೇನು ಗೊತ್ತು? ನಿನ್ನ ವಿಷಯ ಗೊತ್ತಿತ್ತು.”

ವಾಮನ ನೀರಿನಲ್ಲಿ ಕೈ ತೊಳೆದುಕೊಂಡ. ಆಮೇಲೆ ಹೇಳಿದ:

“ಇನ್ನು ಮೇಲೆ ನಾನು ಪೊರಕೆ ಮುಟ್ಟುವುದಿಲ್ಲ.”

“ಜಗಲಿಯಲ್ಲಿ ಹಾವು ಚೇಳು ಸೇರಲಿ ಎಂದೇ?”

“ಮತ್ತೇನು ಮಾಡಲಿ? ಗುಡಿಸಿದರೆ ಬೇಕಾದದ್ದೂ ಹೋಗುತ್ತದೆ. ಗುಡಿಸದಿದ್ದರೆ ಬೇಡದ್ದೂ ಉಳಿಯುತ್ತದೆ.”

“ಆ ಹುಳು ತಾನು ನಡೆದ ದಾರಿಯನ್ನು ಮುಚ್ಚಿಕೊಂಡು ಹೋಗಿದ್ದರೆ ನಾವಿಬ್ಬರೂ ಏನು ಮಾಡುತ್ತಿದ್ದೆವು?”



ಗುರುಗಳು ಮೆಟ್ಟಿಲ ಬದಿಗೆ ಒರಗಿಸಿದ್ದ ಪೊರಕೆಯನ್ನು ತಡವಿ ಹುಡುಕಿ, ಅವನ ಕೈಗೆ ಕೊಟ್ಟರು.

“ಸಂಜೆ ಗುಡಿಸು. ಪೊರಕೆಗೆ ಕಣ್ಣಿಲ್ಲ ಮಗು. ನಿನಗಿದೆ.”

ಆ ಹಗಲೆಲ್ಲ ವಾಮನ ಕದಲದೆ ಕುಳಿತು, ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ಗರಿಗಳನ್ನು ಮತ್ತೆ ದೊಡ್ಡದಾಗಿ ಜೋಡಿಸಿದ. ಪದ್ದಕ್ಕ ದೋಣಿಯವನ ಮನೆಯಿಂದ ಹೆಪ್ಪು ಕೇಳಿ ತಂದಳು.

“ಈ ಸಲ ಗಡಿಗೆ ಮುಟ್ಟಿದರೆ ಕೈ ಮುರೀತೀನಿ,” ಎಂದಳು. ಹೇಳಿ, ಅವನ ಹಣೆಯ ಬುಗುಟಿಗೆ ಅರಿಶಿನ ಹಚ್ಚಿದಳು.

ಸಂಜೆಯಾಯಿತು. ವಾಮನ ಜಗಲಿಯನ್ನು ಗುಡಿಸಿದ. ಹಲಗೆಯ ಮರಳನ್ನು ಸಮಮಾಡಿದ. ಗಣಕಯಂತ್ರದ ಮುಂದೆ ಕುಳಿತು, ಶುದ್ಧಿಯ ತಂತ್ರಾಂಶ ಕೇಳಿದ್ದನ್ನೆಲ್ಲ ನಿಧಾನವಾಗಿ ಓದಿದ. ಒಂದು ಗುರುತನ್ನು ತೆಗೆದ. ಗುಂಡಿಯನ್ನು ಒತ್ತಿದ. ಯಂತ್ರವನ್ನು ಮುಚ್ಚಿದ.

ನದಿಯ ಮೆಟ್ಟಿಲ ಬಳಿ ಗುರುಗಳು ನಡೆದು ಬಂದ ಹೆಜ್ಜೆಗಳು ಮರಳಿನಲ್ಲಿ ಮೂಡಿದ್ದವು. ಪೊರಕೆ ಹಿಡಿದು ಅವುಗಳ ಮುಂದೆ ನಿಂತವನು, ಹಾಗೆಯೇ ಬಿಟ್ಟು ಬಂದ.

ಬೆಳಕು ಹರಿಯುವ ಹೊತ್ತಿಗೆ ಅವನು ಯಂತ್ರದ ಮುಂದಿದ್ದ.

ತೆರೆದ.

ಇಟ್ಟಲ್ಲಿಯೇ ಇದ್ದವು ಗರಿಗಳು, ದೊಡ್ಡದಾಗಿ, ಪಕ್ಕಪಕ್ಕದಲ್ಲಿ. ಪ್ರತಿಯೊಂದರ ಮೈಯಲ್ಲೂ ಹುಳು ನಡೆದ ದಾರಿಯ ಒಂದು ಹೆಜ್ಜೆ. ಬೇರೆ ಫೋಲ್ಡರನ್ನು ತೆರೆದ. ಅಲ್ಲಿಯೂ ಹಾಗೆಯೇ.

ಕೂಗಬೇಕೆನಿಸಿತು. ಕೂಗಲಿಲ್ಲ.

ಗೋಡೆಯನ್ನು ಸವರುತ್ತ ಗುರುಗಳು ಒಳಗೆ ಬಂದರು. ವಾಮನ ಎದ್ದು ನಮಸ್ಕರಿಸಿದ. ಅವರು ಕೇಳುವ ಪ್ರಶ್ನೆಗೆ ತನ್ನ ಹೆಸರು, ಊರು, ಬಂದ ಕಾರಣ ಎಲ್ಲವನ್ನೂ ನಾಲಗೆಯ ತುದಿಯಲ್ಲಿ ಇಟ್ಟುಕೊಂಡು ಕಾದ.

ಅವರು ಕೇಳಲಿಲ್ಲ. ಮಣೆಯ ಮೇಲೆ ಕುಳಿತು ಪರದೆಯ ಹತ್ತಿರಕ್ಕೆ ಬಾಗಿದರು. ಅವರ ಬೆರಳು ಒಂದು ಗರಿಯ ತೂತಿನಿಂದ ಮುಂದಿನ ಗರಿಯ ತೂತಿಗೆ ಮೆಲ್ಲನೆ ಸರಿಯಿತು. ಹೊರಗೆ ಬಿಸಿಲು ಇನ್ನೂ ಬಂಡೆಯ ಬುಡದಲ್ಲಿತ್ತು.

“ಎಲ್ಲಿಗೆ ನಿಲ್ಲಿಸಿದ್ದೆವು, ವಾಮನ?”