ಹಲ್ಲಿಯ ಸಾಕ್ಷಿ

ಗಾಂಜಾ ಎಳೆದು ಸೋಫಾಕ್ಕೆ ಒರಗಿದ್ದ ನಿರಂಜನ ಟಿ.ವಿ.ಯಲ್ಲಿ ಕಡಲಿನ ಸಾಕ್ಷ್ಯಚಿತ್ರ ನೋಡುತ್ತ ಕಣ್ಣೀರು ಸುರಿಸಿದ. "ಜೀವವೆಲ್ಲ ಒಂದೇ!" ಎಂದ.

ಪಕ್ಕದ ಗಾಜಿನ ತೊಟ್ಟಿಯ ಕೊಳೆತ ನೀರಿನಲ್ಲಿ ಉಸಿರಿಗೆ ಒದ್ದಾಡುತ್ತಿದ್ದ ಮೀನು ಗೋಡೆಯ ಹಲ್ಲಿಯನ್ನು ಬೇಡಿತು: "ಅಕ್ಕಾ, ನೀನು ಲೊಚಗುಟ್ಟಿದರೆ ಆಡಿದ ಮಾತು ಸತ್ಯವೆಂದು ಮನುಷ್ಯರು ನಂಬುತ್ತಾರೆ. ಒಂದು ಸಲ ಲೊಚಗುಟ್ಟು. ಇವನು ತನ್ನ ಮಾತನ್ನು ತಾನೇ ನಂಬಿ ನನ್ನ ನೀರು ಬದಲಿಸಿಯಾನು."

"ಸುಳ್ಳಿಗೆ ನಾನು ಸಾಕ್ಷಿ ಹೇಳುವವಳಲ್ಲ," ಎಂದಿತು ಹಲ್ಲಿ. "ಅವನ ಕರುಣೆ ಟಿ.ವಿ.ಯೊಳಗಿನ ಮೀನಿಗೆ ಮಾತ್ರ."

ಚಿತ್ರ ಮುಗಿಯುವಷ್ಟರಲ್ಲಿ ಮೀನು ಹೊಟ್ಟೆ ಮೇಲಾಗಿ ತೇಲಿತು. ನಿರಂಜನ ಅದನ್ನು ನೋಡಿ ನಕ್ಕ. "ಆಹಾ, ಎಷ್ಟು ಹಾಯಾಗಿ ತೇಲುತ್ತಿದೆ! ನಾನೂ ಈಗ ಹೀಗೇ ಇದ್ದೇನೆ."

ಹಲ್ಲಿ ಲೊಚಗುಟ್ಟಿತು.